ಹೋಟೆಲ್ ಮಾಮ ಕಟ್ಟಿಸಿದ ಕೊಳ

ಹೋಟೆಲ್ ಮಾಮನ ಕಾಲ್ಬೆರಳ ಸಂದುಗಳು ವರ್ಷದ ಹನ್ನೆರಡು ತಿಂಗಳೂ ಬಿಳಿಚಿಕೊಂಡು, ಅಲ್ಲಲ್ಲಿ ಬಿರುಕು ಬಿಟ್ಟಿರುತ್ತಿದ್ದವು. ನಲವತ್ತು ವರ್ಷ ಒದ್ದೆ ನೆಲದ ಮೇಲೆ ನಿಂತ ಕಾಲುಗಳು ಅವು. ಮುಂಬಯಿಯ ಸಯನ್ ಸ್ಟೇಷನ್ನಿನ ಹತ್ತಿರವಿದ್ದ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಾಗಲೂ ಚಪ್ಪಲಿ ಬಿಟ್ಟು, ಒಂದು ಪಾದವನ್ನು ಇನ್ನೊಂದರ ಮೇಲೆ ಉಜ್ಜುತ್ತಾ ಇರುತ್ತಿದ್ದರು. ಮುಲಾಮು ಹಚ್ಚಿಕೊಳ್ಳಿ ಎಂದರೆ, "ಹಚ್ಚಿದ್ರೆ ಕಾಲು ಜಾರ್ತದೆ ಮಾರಾಯ್ತಿ" ಎನ್ನುವರು.

ಮಾಮ ಎಂದರೆ ರಕ್ತಸಂಬಂಧವೇನಲ್ಲ. ನಮ್ಮದು ಮೈಸೂರು ಕಡೆ, ಅವರದು ಉಡುಪಿ ಕಡೆ. ಅಪ್ಪನ ಕೈ ಹಿಡಿದು ಭಾನುವಾರ ದೋಸೆ ತಿನ್ನಲು ಹೋಗುತ್ತಿದ್ದ ಕಾಲದಲ್ಲಿ ಅವರನ್ನು ಮಾಮ ಎಂದೆ, ಅವರ ಹೆಂಡತಿಯನ್ನು ಮಾಮಿ ಎಂದೆ, ಅದೇ ನಿಂತುಹೋಯಿತು. ಅವರಿಗೆ ಮಕ್ಕಳಿರಲಿಲ್ಲ. ಗ್ಲಾಸು ತೊಳೆಯಲು ಮುಂಬಯಿಗೆ ಬಂದವರು ಸ್ವಂತ ಹೋಟೆಲು ಮಾಡಿದರು, ಚೆಂಬೂರಿನಲ್ಲಿ ಹಿತ್ತಲಿರುವ ಹಳೆಯ ಬಂಗಲೆಯೊಂದನ್ನು ಕೊಂಡರು. ನೆಲ ಪರೀಕ್ಷಿಸುವ ಚಟ ಮಾತ್ರ ಬಿಡಲಿಲ್ಲ. ಯಾರ ಮನೆಗೆ ಹೋದರೂ ಒಂದು ಲೋಟ ನೀರು ಕೇಳುವರು. ಅರ್ಧ ಕುಡಿದು ಉಳಿದರ್ಧವನ್ನು ಬಚ್ಚಲಲ್ಲೋ ಬಾಲ್ಕನಿಯಲ್ಲೋ ಸುರಿದು, ಅದು ಯಾವ ಕಡೆ ಹರಿಯುತ್ತದೆಂದು ಬಗ್ಗಿ ನೋಡುವರು. ನಾವು ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದಾಗಲೂ ಬಂದು ಸುರಿದರು. ನೀರು ಸೀದಾ ಬಾಗಿಲ ಕಡೆಗೆ ಬಂತು. "ಎಂತ ಸಾವು ಇದು? ನಿನ್ನ ಅಮ್ಮನನ್ನು ಬೀಳಿಸ್ಲಿಕ್ಕೆ ಮಾಡಿಸಿದ್ದಾ?" ಎಂದು ನನಗೇ ಬೈದರು. ಅಮ್ಮನಿಗೆ ನಗು, ನನಗೆ ಅವಮಾನ. ತೋಟ, ಅಂಗಳಗಳ ವಿನ್ಯಾಸ ಕಲಿತು ಆಗಷ್ಟೇ ಸ್ವಂತ ಕೆಲಸ ಶುರು ಮಾಡಿದ್ದವಳು ನಾನು! ಮರುವಾರವೇ ಟೈಲ್ಸ್ ಕಿತ್ತು ಮತ್ತೆ ಹಾಕಿಸಿದೆವು.

ಮಾಮಿಯ ಕಾಲುಗಳು ಸೋಲತೊಡಗಿದ್ದು ಅದಾದ ಎರಡು ವರ್ಷಕ್ಕೆ. ಸ್ನಾಯುಗಳು ದಿನೇ ದಿನೇ ಸೊರಗುವ ಕಾಯಿಲೆ. ಔಷಧಿ ಇಲ್ಲ, ವ್ಯಾಯಾಮದಿಂದ ಒಂದಿಷ್ಟು ಕಾಲ ತಳ್ಳಬಹುದು, ಅದೂ ನೀರಿನೊಳಗೆ ಮಾಡಿದರೆ ಒಳ್ಳೆಯದು ಎಂದರು ಡಾಕ್ಟರು. ಸಾರ್ವಜನಿಕ ಈಜುಕೊಳಕ್ಕೆ ಎರಡು ಸಲ ಕರೆದುಕೊಂಡು ಹೋದರು. ಅಲ್ಲಿಯ ಕಬ್ಬಿಣದ ಏಣಿ ಮಾಮಿಗೆ ಇಳಿಯಲಾಗಲಿಲ್ಲ. ಇಬ್ಬರು ಗಂಡಸರು ಎತ್ತಿ ಇಳಿಸಿದರು, ಜನ ನಿಂತು ನೋಡಿದರು. ಚಿಕ್ಕಂದಿನಲ್ಲಿ ಊರ ಹೊಳೆಯಲ್ಲಿ ಈಚೆ ದಡದಿಂದ ಆಚೆ ದಡಕ್ಕೆ ಈಜುತ್ತಿದ್ದ ಹೆಂಗಸು. ಮನೆಗೆ ಬಂದು ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ.

ನಾಲ್ಕನೆಯ ದಿನ ಮಾಮ ನನ್ನನ್ನು ಚೆಂಬೂರಿಗೆ ಕರೆಸಿದರು. ಹಿತ್ತಲಲ್ಲಿ ನಿಂತು, ಬಟ್ಟೆ ಒಗೆಯುವ ಕಲ್ಲಿನಿಂದ ಮನೆಯ ಗೋಡೆಯ ತನಕ ಹೆಜ್ಜೆ ಹಾಕಿ ಅಳೆದು ತೋರಿಸಿದರು.

"ಇಲ್ಲಿ ಒಂದು ಕೊಳ ಆಗ್ಬೇಕು. ಮಾಮಿ ತಾನೇ ಇಳೀಬೇಕು, ತಾನೇ ಹತ್ತಬೇಕು. ಯಾರೂ ಮುಟ್ಟಬಾರ್ದು. ಮಳೆಗಾಲದ ಮೊದ್ಲು ಆಗ್ಬೇಕು. ಆಮೇಲೆ ಅವಳ ಕಾಲು ನಮಗಾಗಿ ಕಾಯುದಿಲ್ಲ ಅಂತೆ. ನಿನ್ನ ಕೈಲಿ ಆಗ್ತದಾ?"

"ಆಗುತ್ತೆ ಮಾಮ" ಎಂದೆ. ಆಗ ಜನವರಿ. ಅಲ್ಲಿಯವರೆಗೆ ನಾನು ಮಾಡಿದ್ದು ನಾಲ್ಕು ಟೆರೇಸುಗಳು, ಒಂದು ಸೊಸೈಟಿಯ ಗಾರ್ಡನ್ನು. ಕೊಳದ ಗೋಡೆಗೆ ಇಂಜಿನಿಯರರು ಬೇರೆ ಇದ್ದರು, ನಿಜ. ಆದರೆ ನಕ್ಷೆ, ಸುತ್ತಲಿನ ಹಿತ್ತಲು, ನಿತ್ಯದ ಉಸ್ತುವಾರಿ ಎಲ್ಲ ನನ್ನದು. ಹೆದರಿಕೆಗಿಂತ ಹೆಮ್ಮೆಯೇ ಜಾಸ್ತಿ ಇತ್ತು ಅನ್ನಿ.

ಹತ್ತು ದಿನ ಕೂತು ನಕ್ಷೆ ಬರೆದೆ. ನೀಲಿ ಗಾಜಿನ ಚೂರುಗಳ ತಳ, ಗೋಡೆಯಿಂದ ಧುಮುಕುವ ನೀರು, ಮರದ ಹಲಗೆಯ ಅಂಚು, ಸುತ್ತ ದೇವಕಣಗಿಲೆ, ಹಿಂದಿನ ಮೂಲೆಯಲ್ಲಿ ಒಂದು ಮಧುಮಾಲತಿ ಬಳ್ಳಿ. ಮಾಮ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಚಂದ ಉಂಟು. ಹೋಟೆಲಿನ ಕ್ಯಾಲೆಂಡರಿಗೆ ಹಾಕ್ಲಿಕ್ಕೆ ಆಗ್ತದೆ. ಮಾಮಿ ಎಲ್ಲಿ ಇಳಿಯುದು?"

ಮೂಲೆಯಲ್ಲಿ ಮೆಟ್ಟಿಲು ಬರೆದಿದ್ದೆ, ತೋರಿಸಿದೆ. ಒಂದೊಂದು ಏಳು ಇಂಚು ಎತ್ತರ, ಪುಸ್ತಕದಲ್ಲಿ ಹಾಗೇ ಇದೆ ಎಂದೆ. "ಹಾಗಾದ್ರೆ ಪುಸ್ತಕ ಇಳೀಲಿ" ಎಂದು ನಕ್ಷೆ ಮಡಚಿ ನನ್ನ ಕೈಗೆ ಕೊಟ್ಟರು. ನನಗೆ ಉರಿದುಹೋಯಿತು. ಆದರೆ ಮರುದಿನ ಅವರು ಮಾಡಿದ್ದು ನೋಡಿ ಬಾಯಿ ಮುಚ್ಚಿಕೊಂಡೆ. ಜಗುಲಿಯ ಮೇಲೆ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮಾಮಿಯನ್ನು ಕುರ್ಚಿಯಿಂದ ಎಬ್ಬಿಸಿ, ಹತ್ತಿಸಿ ನೋಡಿದರು. ನಾಲ್ಕು ಇಂಚಿಗೆ ಪಾದ ಏರಿತು. ಐದು ಇಂಚಿಗೆ ಉಸಿರು ಬಿಗಿಹಿಡಿದು ಏರಿದರು. ಆರಕ್ಕೆ ಮೊಣಕಾಲು ನಡುಗಿತು.

"ಸಾಕು ಮಾಡಿ, ನನ್ನನ್ನು ಸರ್ಕಸ್ಸಿಗೆ ಸೇರಿಸ್ತೀರಾ?" ಎಂದರು ಮಾಮಿ.

ಮಾಮ ಗೋಡೆಯ ಮೇಲೆ ಸೀಮೆಸುಣ್ಣದಿಂದ ನಾಲ್ಕೂವರೆ ಎಂದು ಬರೆದರು. ಮುಂದೆ ಎಲ್ಲವೂ ಹೀಗೇ. ಮೆಟ್ಟಿಲ ಪಕ್ಕದ ಹಿಡಿಕೆಯ ಉಕ್ಕಿನ ಕೊಳವೆ ಎಷ್ಟು ದಪ್ಪ ಇರಬೇಕು ಎನ್ನುವುದಕ್ಕೆ ಹೋಟೆಲಿನಿಂದ ಮೂರು ಬಗೆಯ ಸೌಟು ತಂದು ಮಾಮಿಯ ಮುಷ್ಟಿಗೆ ಕೊಟ್ಟು ನೋಡಿದರು. ಗಾಜಿನ ಚೂರು ಹೋಯಿತು, ಒರಟು ಕೋಟಾ ಕಲ್ಲು ಬಂತು. "ನನ್ನ ಅಡುಗೆಮನೆಯಲ್ಲಿ ಎಷ್ಟು ಜನ ಜಾರಿ ಬಿದ್ದಿದ್ದಾರೆ ಗೊತ್ತುಂಟಾ ನಿಂಗೆ? ಒಬ್ಬನ ಬೆನ್ನುಮೂಳೆಯೇ ಹೋಯ್ತು" ಎಂದರು. ದೇವಕಣಗಿಲೆಯೂ ಹೋಯಿತು, ಹೂ ಉದುರಿ ಕೊಳೆತರೆ ಮೆಟ್ಟಿಲು ಜಾರುತ್ತದೆ. ಪಕ್ಕದ ಏಳು ಮಾಳಿಗೆಯ ಬಿಲ್ಡಿಂಗಿನಿಂದ ಯಾರೂ ಇಣುಕದ ಹಾಗೆ ಮೇಲೊಂದು ಚಪ್ಪರ, ಅದಕ್ಕೆ ಹಬ್ಬಿಸಲು, ಮೆಟ್ಟಿಲಿನಿಂದ ದೂರವಿದ್ದ ಹಿಂದಿನ ಮೂಲೆಯ ಮಧುಮಾಲತಿ. ನಾನು ಬರೆದದ್ದರಲ್ಲಿ ಉಳಿದದ್ದು ಆ ಬಳ್ಳಿ ಒಂದೇ. ಆ ಎರಡು ತಿಂಗಳಲ್ಲಿ ಕಾಲೇಜಿನ ಐದು ವರ್ಷಕ್ಕಿಂತ ಹೆಚ್ಚು ಕಲಿತೆ. ಇವತ್ತಿಗೂ ಒಂದು ಮೆಟ್ಟಿಲು ಬರೆಯುವ ಮುಂಚೆ, ಇದನ್ನು ಹತ್ತುವವರು ಯಾರು ಎಂದು ಕೇಳುತ್ತೇನೆ.

ಭೂಮಿಪೂಜೆಯ ದಿನ ಪ್ರಸಾದ ತಿನ್ನುತ್ತಾ ಮಾಮ ತಮ್ಮ ಊರಿನ ಒಂದು ಸಂಗತಿ ಹೇಳಿದರು. ನೆರೆಮನೆಯವರು ಬಾವಿ ತೋಡುವಾಗ ಹಾರೆಗೆ ಸಿಕ್ಕಿ ನಾಗರಹಾವು ಸತ್ತಿತಂತೆ. ಆ ಕ್ಷಣವೇ ಕೆಲಸ ನಿಂತಿತು. ಸತ್ತ ಮನುಷ್ಯನಿಗೆ ಮಾಡುವಂತೆ ಅದಕ್ಕೆ ಸಂಸ್ಕಾರ, ಸೂತಕ, ಆಮೇಲೆ ಜೋಯಿಸರು ಹೇಳಿದ ಪೂಜೆಗಳು. ಬಾವಿಗೆ ಮತ್ತೆ ಹಾರೆ ಬಿದ್ದದ್ದು ಎರಡು ವರ್ಷದ ಮೇಲೆ. "ನಾಗನ ವಿಷಯದಲ್ಲಿ ನಮ್ಮಲ್ಲಿ ಆಟ ಇಲ್ಲ ಮಗಳೇ" ಎಂದರು.

ಅಗೆತ ಶುರುವಾದ ಮೂರನೆಯ ದಿನ. ಮಾಮ ಹೋಟೆಲಿನಲ್ಲಿದ್ದರು, ಮಾಮಿ ಒಳಗೆ ಮಲಗಿದ್ದರು. ಹಿತ್ತಲಲ್ಲಿ ನಾನು ಮತ್ತು ಚಿಕ್ಕ ಜೆಸಿಬಿಯ ಡ್ರೈವರ್. ಅಫಜಲಪುರದ ಕಡೆಯವನು, ಕುರ್ಲಾದಲ್ಲಿ ಸಂಸಾರ. ಕನ್ನಡದಲ್ಲಿ ಮಾತಾಡಲು ಸಿಕ್ಕಿದನೆಂದು ನನಗೆ ಖುಷಿ. ಬಟ್ಟೆ ಒಗೆಯುವ ಕಲ್ಲನ್ನು ಯಂತ್ರದ ಹಲ್ಲಿನಿಂದ ಮೀಟಿ ಎಬ್ಬಿಸಿದ. ಅಡಿಯಲ್ಲಿ ನಾಗರಹಾವು ಇತ್ತು. ನಡು ತುಂಡಾಗುವಷ್ಟು ಕತ್ತರಿಸಿಹೋಗಿತ್ತು. ಒಂದೇ ಒಂದು ಸಲ ಹೆಡೆ ಎತ್ತಿತು, ಬಿತ್ತು.

ಡ್ರೈವರ್ ಯಂತ್ರ ನಿಲ್ಲಿಸಿ, ಚಪ್ಪಲಿ ಬಿಟ್ಟು ಇಳಿದು ಬಂದು ಕೈ ಮುಗಿದ.

"ಆಗಬಾರದಿತ್ರಿ ಮೇಡಂ ಇದು. ಶೇಠರಿಗೆ ಫೋನ್ ಮಾಡ್ರಿ."

ಮಾಡಲಿಲ್ಲ. ಆ ಎರಡು ನಿಮಿಷ ನನ್ನ ತಲೆಯಲ್ಲಿ ಏನೇನು ಓಡಿತೆಂದು ಸುಳ್ಳಿಲ್ಲದೆ ಹೇಳುತ್ತೇನೆ. ಮಾಮನಿಗೆ ಗೊತ್ತಾದರೆ ಕೆಲಸ ನಿಲ್ಲುತ್ತದೆ. ನಿಂತರೆ ಮಳೆಗಾಲ ಬರುತ್ತದೆ, ತೋಡಿದ ಗುಂಡಿಗೆ ಕೆಸರು ತುಂಬುತ್ತದೆ, ಮುಂದಿನ ವರ್ಷಕ್ಕೆ ಮಾಮಿಯ ಕಾಲು ನಾಲ್ಕೂವರೆ ಇಂಚೂ ಏರುವುದಿಲ್ಲ. ಇದು ಒಂದು. ನನ್ನ ಮೊದಲ ದೊಡ್ಡ ಕೆಲಸ ಅರ್ಧಕ್ಕೆ ನಿಂತಿತು ಎಂದು ಜನ ಆಡಿಕೊಳ್ಳುತ್ತಾರೆ ಎನ್ನುವುದು ಇನ್ನೊಂದು. ಯಾವುದು ಹೆಚ್ಚು ತೂಗಿತೋ ದೇವರೇ ಬಲ್ಲ.

"ಯಾರಿಗೂ ಹೇಳಬೇಡಿ. ಆ ಮೂಲೆಯಲ್ಲಿ ಹೂತುಬಿಡಿ, ಆಳವಾಗಿ" ಎಂದೆ.

"ಹೂಳಬಾರ್ದ್ರಿ, ಸುಡಬೇಕು."

"ನಾನು ಹೇಳಿದಷ್ಟು ಮಾಡಿ" ಎಂದು ಜೋರು ಮಾಡಿದೆ. ಅವನು ತೋಡಿದ, ಹೂತ, ಕೈ ತೊಳೆದುಕೊಂಡು ಮತ್ತೆ ಯಂತ್ರ ಹತ್ತಿದ. ಮೂರು ಗಂಟೆಗೆ ಮಾಮ ಬಂದಾಗ ಗುಂಡಿ ಎರಡು ಅಡಿ ಇಳಿದಿತ್ತು. "ಪರವಾಗಿಲ್ಲ, ಜೋರು ನಡೆದಿದೆ" ಎಂದು ನನ್ನ ಬೆನ್ನು ತಟ್ಟಿದರು. ವಾರದ ಮೇಲೆ ಆ ಮೂಲೆಯಲ್ಲಿ ನಾನೇ ಮಧುಮಾಲತಿ ನೆಟ್ಟೆ.

ಮೇ ತಿಂಗಳ ಎರಡನೆಯ ವಾರ ಕೊಳಕ್ಕೆ ನೀರು ಬಿಟ್ಟೆವು. ಹದಿನೆಂಟು ಅಡಿ ಉದ್ದ, ಹತ್ತು ಅಡಿ ಅಗಲ, ಎದೆಮಟ್ಟದ ನೀರು. ಮಾಮಿ ಎರಡೂ ಕಡೆಯ ಹಿಡಿಕೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಯಾರೂ ಮುಟ್ಟಲಿಲ್ಲ. ತಳ ಮುಟ್ಟಿದ ಮೇಲೆ ಹಿಡಿಕೆ ಬಿಟ್ಟರು. ನೆಲದ ಮೇಲೆ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದವರು ನೀರಿನಲ್ಲಿ ಆ ತುದಿಯವರೆಗೆ ನಡೆದು, ತಿರುಗಿ, ಈ ತುದಿಗೆ ಬಂದರು. ಆಮೇಲೆ ಇದ್ದಕ್ಕಿದ್ದಂತೆ ಕಾಲೆತ್ತಿ, ಕೈ ಬೀಸಿ ಈಜಿಯೇಬಿಟ್ಟರು! ನಾನು ಗಟ್ಟಿಯಾಗಿ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಮಾಮ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದರು.

"ನೀವು ಅಲ್ಲಿ ಎಂತಕ್ಕೆ ಕಂಬದ ಹಾಗೆ ನಿಂತದ್ದು? ಇಳೀರಿ" ಎಂದು ಮಾಮಿ ಗದರಿದರು.

ಮಾಮನಿಗೆ ಈಜು ಬರುತ್ತಿರಲಿಲ್ಲ; ನೀರೆಂದರೆ ಹೆದರಿಕೆ. ಪಂಚೆ ಎತ್ತಿ ಕಟ್ಟಿ, ಹಿಡಿಕೆಗೆ ಜೋತುಬಿದ್ದು ಇಳಿದು, ಮೂಲೆಯಲ್ಲಿ ಅಲುಗಾಡದೆ ನಿಂತರು. ಮಾಮಿ ಅವರ ಮುಖಕ್ಕೆ ನೀರೆರಚಿ ನಕ್ಕರು. ಅಂಥ ನಗುವನ್ನು ನಾನು ಅವರಿಬ್ಬರಲ್ಲೂ ಅದಕ್ಕಿಂತ ಮೊದಲು ನೋಡಿರಲಿಲ್ಲ.

ಒಂಬತ್ತು ವಾರ ನಡೆಯಿತು ಆ ಸುಖ. ಜುಲೈನಲ್ಲಿ ಜಡಿಮಳೆ. ಮಾಮಿಗೆ ನೆಗಡಿ, ಜ್ವರ, ಎದೆಯಲ್ಲಿ ಕಫ. ಆಸ್ಪತ್ರೆಗೆ ಸೇರಿಸಿದರು. ಉಸಿರಾಟದ ಸ್ನಾಯುಗಳೂ ಸೋತಿವೆ, ಈ ಕಾಯಿಲೆಯಲ್ಲಿ ಕಡೆಗೆ ಹೀಗೇ ಆಗುತ್ತದೆ, ನೀರಿಗೆ ಇಳಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಮಾಮನ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. ಆರನೆಯ ದಿನ ಮಾಮಿ ತೀರಿಕೊಂಡರು.

ಕ್ರಿಯೆಗಳಿಗೆಂದು ಮಾಮ ಊರಿಗೆ ಹೋದರು. ಅಲ್ಲಿ ಅವರ ತಮ್ಮ ನೆಂಟರೆಲ್ಲರ ಎದುರು, "ಗುಂಡಿ ತೋಡಿಸಿ ಅತ್ತಿಗೆಯನ್ನು ನೀನೇ ಕೊಂದೆ" ಎಂದನಂತೆ. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ. ಜೋಯಿಸರನ್ನು ಕರೆಸಿ ಕವಡೆ ಹಾಕಿಸಿ ಪ್ರಶ್ನೆ ಕೇಳಿಸಿದ. ಮನೆಯ ನೆಲದಲ್ಲಿ ನಾಗನಿಗೆ ಪೆಟ್ಟಾಗಿದೆ ಎಂದು ಬಂತು. ಮಾಮ ಎಲ್ಲರ ಮುಂದೆ, ಅಂಥದ್ದೇನೂ ಆಗಿಲ್ಲ ಎಂದು ಹೇಳಿ ಮುಂಬಯಿಗೆ ಹೊರಟುಬಂದರು. ಬಂದವರು ಚೆಂಬೂರಿಗೆ ಹೋಗದೆ ನೇರ ನಮ್ಮ ಮನೆಗೆ ಬಂದರು. ಕೈಯಲ್ಲಿ ಊರಿಗೆ ಒಯ್ದಿದ್ದ ಚೀಲ ಹಾಗೇ ಇತ್ತು. ನೀರು ಕೇಳಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ನನ್ನ ಮುಖ ನೋಡಿದರು.

"ತೋಡುವಾಗ ನೀನೇ ಅಲ್ವಾ ಇದ್ದದ್ದು. ಎಂತಾದ್ರೂ ಆಗಿತ್ತಾ ಮಗಳೇ?"

ಹೌದು ಎಂದರೆ ಏನಾಗುತ್ತದೆ? ತನ್ನ ಕೊಳವೇ ಹೆಂಡತಿಯನ್ನು ತಿಂದಿತು ಎಂದು ಈ ಮನುಷ್ಯ ನಂಬುತ್ತಾರೆ. ನಾನು ಶಾಪ, ದೋಷ ನಂಬುವವಳಲ್ಲ; ಮಾಮಿ ಹೋದದ್ದು ಕಾಯಿಲೆಯಿಂದ. ಇಲ್ಲದ ಹೊರೆಯನ್ನು ಅವರ ತಲೆಗೆ ಯಾಕೆ ಹೊರಿಸಲಿ?

"ಇಲ್ಲ ಮಾಮ, ಏನೂ ಆಗಿಲ್ಲ."

"ಸರಿ ನೆನಪು ಮಾಡು. ಬೇಜಾರು ಮಾಡುದಿಲ್ಲ ನಾನು. ಆಗಿದ್ರೆ ಆಯ್ತು ಅಂತ ಹೇಳು."

"ನಿಮ್ಮಾಣೆ ಮಾಮ. ಬರೀ ಮಣ್ಣು, ಕಲ್ಲು. ಜೋಯಿಸರು ಏನೋ ಹೇಳ್ತಾರೆ, ನೀವು ತಲೆ ಕೆಡಿಸ್ಕೋಬೇಡಿ."

ಮಾಮ "ಆಯ್ತು" ಎಂದು ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟು, ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಬಾಗಿಲು ಹಾಕಿಕೊಂಡು ನಾನು, ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಆಣೆಯಿಟ್ಟು ಹೇಳಿದ ಸುಳ್ಳಿನ ಬಗ್ಗೆ ನನಗೆ ಹೆಮ್ಮೆಯೇ ಇತ್ತು!

ಮಾಮ ಆಮೇಲೆ ಹೋಟೆಲಿಗೆ ಹೋಗುವುದನ್ನು ಕಡಿಮೆ ಮಾಡಿದರು, ನಂತರ ಬಿಟ್ಟೇಬಿಟ್ಟರು. ಕೊಳದ ನೀರು ಖಾಲಿ ಮಾಡಿಸಿದರು. ನಾನು ಹೋದರೆ ಕಾಫಿ ಕೊಡುವರು, ಅಮ್ಮನ ಆರೋಗ್ಯ ಕೇಳುವರು, ಹಿತ್ತಲ ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ. ಊರಿಂದ ತಮ್ಮನ ಫೋನು ಬಂದರೆ ಎತ್ತುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಏನಾಗಿದೆ ಮಾಮ ಎಂದರೆ, "ಎಂತ ಇಲ್ಲ" ಎಂಬ ಒಂದೇ ಉತ್ತರ. ಡಿಸೆಂಬರಿನ ಒಂದು ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು ಪಕ್ಕದವರನ್ನು ಕರೆದ. ಕುರ್ಚಿಯಲ್ಲಿ ಕೂತ ಹಾಗೇ ಹೋಗಿದ್ದರು. ಹೃದಯ ನಿಂತಿತು ಎಂದು ಬರೆದುಕೊಟ್ಟರು. ಬಂಗಲೆ ತಮ್ಮನ ಪಾಲಿಗೆ ಬಂತು, ಆತ ಬಿಲ್ಡರಿಗೆ ಕೊಟ್ಟ. ಕೊಳಕ್ಕೆ ಕಲ್ಲುಮಣ್ಣು ತುಂಬಿದರು.

ಅದಾಗಿ ಒಂದು ವರ್ಷದ ಮೇಲೆ, ಮುಲುಂಡಿನ ಒಂದು ಸೈಟಿನಲ್ಲಿ ಅದೇ ಜೆಸಿಬಿ ಡ್ರೈವರ್ ಸಿಕ್ಕಿದ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಮಾಮ ತೀರಿಕೊಂಡ ಸುದ್ದಿ ಹೇಳಿದೆ. ಅವನ ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು.

"ದೇವರಂಥಾ ಮನುಷ್ಯಾರಿ ಅವ್ರು. ನಿಮಗ ಒಂದ್ ಮಾತು ಹೇಳಬೇಕ್ರಿ ಮೇಡಂ. ಈಗ ಅವ್ರೇ ಇಲ್ಲ, ಹೇಳಿದ್ರ ತಪ್ಪಿಲ್ಲ. ಅವತ್ತು ಸಂಜೀಕ ನನಗ ತಡೀಲಿಕ್ಕಾಗಲಿಲ್ರಿ. ಸಯನ್ನಿಗೆ ಹೋಗಿ ಶೇಠರಿಗೆ ಎಲ್ಲಾ ಹೇಳಿಬಿಟ್ಟೆ."

ಅವನು ಡಬ್ಬಿಯ ಮುಚ್ಚಳ ಹಾಕಿ ಮುಂದುವರಿಸಿದ.

"ಮರುದಿನಾ ಮುಂಜಾನೆ, ನೀವು ಬರೂಕಿಂತ ಮೊದಲ, ಅವ್ರ ಕೈಯಾರೆ ಅಗದು ಹೊರಗ ತಗದ್ರು. ಹೊಸ ಬಿಳಿ ಪಂಚೆದಾಗ ಸುತ್ತಿದ್ರು. ಗಂಧದ ಚಕ್ಕಿ, ತುಪ್ಪಾ ಎಲ್ಲಾ ತಂದಿದ್ರು. ಅಲ್ಲೇ ಹಿತ್ತಲದಾಗ ಸುಟ್ರು. ನೀವು ಬಳ್ಳಿ ಹಚ್ಚಿದ್ರಲ್ಲ, ಅಲ್ಲಿ ಏನೂ ಇದ್ದಿದ್ದಿಲ್ರಿ."

"ಭಟ್ಟರು ಯಾರೂ ಬರಲಿಲ್ವಾ?"

"ಇಲ್ರಿ. ನಾ ಕೇಳಿದೆ. ಭಟ್ಟರು ಬಂದ್ರ ಕೆಲಸ ನಿಲ್ಲಸ್ರಿ ಅಂತಾರ, ನಿಲ್ಲಸೂ ಹಂಗಿಲ್ಲ ಅಂದ್ರು. ನೆಲಕ್ಕ ಅಡ್ಡ ಬಿದ್ದು, ಏನಿದ್ದರೂ ನನಗ ಇರ್ಲಿ, ಒಳಗ ಮಲಗ್ಯಾಳಲ್ಲ, ಅಕಿಗೆ ಬ್ಯಾಡ ಅಂದ್ರು. ಜೋರಾಗೇ ಅಂದ್ರು, ನಾ ಕೇಳೀನಿ. ನಿಮಗ ಹೇಳಬ್ಯಾಡ ಅಂತ ನನ್ನ ಕಡಿಂದ ಮಾತು ತಗೊಂಡ್ರು. ಹುಡುಗಿ ನಮ್ಮ ಒಳ್ಳೇದಕ್ಕ ಮಾಡ್ಯಾಳ, ಅಂಜತಾಳ ಅಂದ್ರು."

ಆಗ ನೆನಪಾಯಿತು. ಅಗೆತ ನಡೆದ ಆ ದಿನಗಳಲ್ಲಿ ಮಾಮ ಗಡ್ಡ ಬಿಟ್ಟಿದ್ದರು, ಒಪ್ಪೊತ್ತು ಊಟ ಮಾಡುತ್ತಿದ್ದರು. ಯಾಕೆ ಮಾಮ ಎಂದಾಗ, ಕೆಲಸದ ಗಡಿಬಿಡಿಯಲ್ಲಿ ಆಗಲಿಲ್ಲ ಎಂದಿದ್ದರು. ಸೂತಕ ಹಿಡಿದಿದ್ದರು. ನನ್ನ ಕಣ್ಣೆದುರೇ ಹಿಡಿದಿದ್ದರು.

ನನ್ನ ಮನೆಗೆ ಬಂದು ಕೇಳಿದಾಗ ಅವರಿಗೆ ಎಲ್ಲ ಗೊತ್ತಿತ್ತು. ತನಗಿರಲಿ ಎಂದು ಬೇಡಿಕೊಂಡದ್ದು ಮಾಮಿಗೆ ತಗುಲಿತು ಎಂದು ನಂಬಿ, ಅದನ್ನು ಊರಲ್ಲಿ ಯಾರ ಬಳಿಯೂ ಹೇಳಲಾರದೆ, ಚೀಲ ಹಿಡಿದು ನನ್ನ ಬಳಿಗೆ ಬಂದಿದ್ದರು. ಜಗತ್ತಿನಲ್ಲಿ ಅವರ ಜೊತೆ ಕೂತು ಆ ಮಾತು ಆಡಬಹುದಾಗಿದ್ದವಳು ನಾನೊಬ್ಬಳೇ. ಆಗಿದ್ದರೆ ಆಯ್ತು ಅಂತ ಹೇಳು ಎಂದು ಬಾಯಿಬಿಟ್ಟು ಬೇಡಿದರು. ಹೇಳಿದ್ದರೆ ಅಳುತ್ತಿದ್ದರೇನೋ, ನನ್ನನ್ನು ಬೈಯುತ್ತಿದ್ದರೇನೋ. ಆಗ ನಾನೂ ಹೇಳಬಹುದಿತ್ತು, ಮಾಮ, ತಪ್ಪು ಅಂತ ಇದ್ದರೆ ಅದರಲ್ಲಿ ಅರ್ಧ ನನ್ನದು ಅಂತ. ಡಾಕ್ಟರು ಹೇಳಿದ್ದನ್ನು ಇನ್ನೊಂದು ಸಲ, ನಿಧಾನವಾಗಿ, ಅವರ ಕೈ ಹಿಡಿದು ಹೇಳಬಹುದಿತ್ತು. ನಾನು ಅವರ ಮೇಲೆಯೇ ಆಣೆಯಿಟ್ಟು ಇಲ್ಲ ಎಂದೆ. ಅವರು ನನ್ನ ಸುಳ್ಳನ್ನು ಸುಳ್ಳೆಂದು ಗೊತ್ತಿದ್ದೇ ಕೇಳಿ, ನನ್ನ ತಲೆ ಸವರಿ, ಆ ಹಿತ್ತಲಿರುವ ಮನೆಗೆ ಒಬ್ಬರೇ ಹೋದರು.